ಕೇಳುವುದೂ ಒಂದು ಕಲಿಕೆ: ಪುಣೆಯ ಸಂಗೀತೋತ್ಸವದಲ್ಲಿ ಎರಡು ದಿನ



ಉತ್ಸವ ಎಂಬ ಮಾತು ನಮಗೆ ಹೊಸದಲ್ಲ. ಊರ ಜಾತ್ರೆ, ರಥೋತ್ಸವ, ನಾಡಹಬ್ಬ, ಕಾಲೇಜಿನ ವಾರ್ಷಿಕೋತ್ಸವ ಇವನ್ನೆಲ್ಲ ನೋಡುತ್ತ ಬೆಳೆದವರು ನಾವು. ಅಲ್ಲಿಗೆ ನಾವು ನೋಡಲು ಹೋಗುತ್ತೇವೆ, ತಿರುಗಾಡಲು ಹೋಗುತ್ತೇವೆ, ಗೆಳೆಯರೊಡನೆ ಕಲೆಯಲು ಹೋಗುತ್ತೇವೆ. ಆದರೆ ಮುಖ್ಯವಾಗಿ ಕೇಳುವುದಕ್ಕೆಂದೇ ಸಾವಿರಾರು ಜನ ಒಂದು ಮೈದಾನದಲ್ಲಿ ಸೇರಿ, ಗಂಟೆಗಟ್ಟಲೆ ಕುಳಿತಿರುವ ಉತ್ಸವವೂ ಉಂಟು. ಅಂಥ ಒಂದು ಉತ್ಸವದಲ್ಲಿ ಶನಿವಾರ ಮತ್ತು ಭಾನುವಾರ, ಎರಡು ದಿನಗಳನ್ನು ಕಳೆದ ಅನುಭವವನ್ನು ಈ ಹೊತ್ತು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆಂದಿದ್ದೇನೆ. ಅದು ಪುಣೆಯಲ್ಲಿ ಡಿಸೆಂಬರ್ ತಿಂಗಳಲ್ಲಿ ನಡೆಯುವ ‘ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ’.

ಪುಣೆಯ ಉತ್ಸವಕ್ಕೂ ನಮಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಉತ್ಸವ ನಡೆಯುವುದು ಮಹಾರಾಷ್ಟ್ರದಲ್ಲಿ. ಆದರೆ ಅದರ ಬೇರು ಇರುವುದು ನಮ್ಮ ಧಾರವಾಡ ಜಿಲ್ಲೆಯ ಕುಂದಗೋಳದಲ್ಲಿ. 1886ರಲ್ಲಿ ಹುಟ್ಟಿದ ರಾಮಭಾವು ಕುಂದಗೋಳಕರ ಎಂಬ ಗಾಯಕರೇ ಮುಂದೆ ‘ಸವಾಯಿ ಗಂಧರ್ವ’ ಎಂದು ಹೆಸರಾದವರು. ಸವಾಯಿ ಎಂದರೆ ಒಂದೂಕಾಲು. ಮರಾಠಿ ರಂಗಭೂಮಿಯಲ್ಲಿ ಆಗ ಬಾಲಗಂಧರ್ವರ ಹೆಸರು ಮನೆಮಾತಾಗಿತ್ತು. ನಾಟಕಗಳಲ್ಲಿ ಸ್ತ್ರೀಪಾತ್ರ ವಹಿಸಿ ಹಾಡುತ್ತಿದ್ದ ನಮ್ಮ ಕುಂದಗೋಳದ ಈ ಗಾಯಕರನ್ನು ಕೇಳಿ ಮೆಚ್ಚಿದ ರಸಿಕರು, ಇವರು ಗಂಧರ್ವರಿಗಿಂತ ಕಾಲುಪಾಲು ಹೆಚ್ಚು ಎಂಬರ್ಥದಲ್ಲಿ ‘ಸವಾಯಿ ಗಂಧರ್ವ’ ಎಂದು ಕರೆದರು. ಇವರ ಗುರು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್. ಇವರ ಶಿಷ್ಯರು ಯಾರು ಗೊತ್ತೆ? ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರು, ಫಿರೋಜ್ ದಸ್ತೂರ್ ಮೊದಲಾದವರು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಪಾಠ ಕಲಿತರು. ಮನೆ ಬಿಟ್ಟು ಗುರುವನ್ನು ಅರಸುತ್ತ ಉತ್ತರ ಭಾರತವನ್ನೆಲ್ಲ ಸುತ್ತಿ ಬಂದ ಬಾಲಕ ಭೀಮಸೇನ, 1936ರ ಹೊತ್ತಿಗೆ ಇದೇ ಕುಂದಗೋಳದ ಗುರುಮನೆಗೆ ಸೇರಿ, ನೀರು ಹೊತ್ತು, ಮನೆಗೆಲಸ ಮಾಡುತ್ತ ಹಾಡು ಕಲಿತರು.

ಸವಾಯಿ ಗಂಧರ್ವರು 1952ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಮರುವರ್ಷ, ಅಂದರೆ 1953ರಲ್ಲಿ, ಗುರುವಿನ ಪುಣ್ಯತಿಥಿಯ ನಿಮಿತ್ತ ಒಂದು ಸಂಗೀತ ಸಮಾರಾಧನೆ ಆರಂಭವಾಯಿತು. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಸವಾಯಿ ಗಂಧರ್ವರ ಅಳಿಯ ಡಾ. ನಾನಾಸಾಹೇಬ ದೇಶಪಾಂಡೆ ಮತ್ತು ಭೀಮಸೇನ ಜೋಶಿ ಮುಖ್ಯರು. ಆಗ ಭೀಮಸೇನರಿಗೆ ವಯಸ್ಸು ಮೂವತ್ತೊಂದು. ಆರ್ಯ ಸಂಗೀತ ಪ್ರಸಾರಕ ಮಂಡಳ ಎಂಬ ಸಂಸ್ಥೆ ಇದನ್ನು ನಡೆಸುತ್ತ ಬಂದಿದೆ. 2011ರ ಜನವರಿಯಲ್ಲಿ ಭೀಮಸೇನ ಜೋಶಿಯವರು ನಿಧನರಾದ ಮೇಲೆ ಗುರುವಿನ ಹೆಸರಿನ ಜೊತೆಗೆ ಶಿಷ್ಯನ ಹೆಸರೂ ಸೇರಿಕೊಂಡಿತು. ಕೊರೊನಾ ಕಾಲದಲ್ಲಿ ತಡೆಯಾದರೂ ಉತ್ಸವ ನಿಲ್ಲಲಿಲ್ಲ; 2024ರ ಡಿಸೆಂಬರ್‌ನಲ್ಲಿ ನಡೆದದ್ದು ಎಪ್ಪತ್ತನೆಯದು. ಗುರುವಿಗೆ ಶಿಷ್ಯನು ಸಲ್ಲಿಸಿದ ಕೃತಜ್ಞತೆ ಏಳು ದಶಕಗಳ ಕಾಲ ಒಂದು ಊರಿಗೇ ಕೇಳುವುದನ್ನು ಕಲಿಸಿದೆ ಎಂಬುದನ್ನು ನೀವು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಕೆಲವು ವರ್ಷಗಳ ಹಿಂದೆ ನಾನು ಈ ಉತ್ಸವಕ್ಕೆ ಹೋದಾಗ ನನ್ನ ಅಕ್ಕನ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಧಾರವಾಡದಲ್ಲಿ ಬಿ.ಎಸ್‌ಸಿ. ಓದುತ್ತಿದ್ದ ಹುಡುಗಿ. ಸಿನಿಮಾ ಹಾಡುಗಳೆಂದರೆ ಪ್ರಾಣ. ಶಾಸ್ತ್ರೀಯ ಸಂಗೀತದ ಪಾಠ ಹೇಳಿಸಿಕೊಂಡವಳಲ್ಲ. ಪುಣೆ ನೋಡಿದಂತಾಯಿತು ಎಂಬ ಆಸೆಯಿಂದ ಹೊರಟವಳು. ಅವಳ ಮಾತನ್ನು ಹೇಳುವುದಕ್ಕೆ ಕಾರಣವಿದೆ. ನಿಮ್ಮಲ್ಲಿ ಬಹಳ ಮಂದಿ ಅವಳ ಹಾಗೆಯೇ ಇರಬಹುದು.

ರೈಲಿನ ದಾರಿಯೇ ನಮಗೆ ಒಂದು ಸಂಗೀತದ ಪಾಠವಾಯಿತು. ಬೆಂಗಳೂರಿನಿಂದ ಹುಬ್ಬಳ್ಳಿ ಮಾರ್ಗವಾಗಿ ಪುಣೆಗೆ ಹೋಗುವ ರೈಲು ಹಾವೇರಿಯನ್ನು ದಾಟಿದ ಮೇಲೆ ಸಂಶಿ, ಕುಂದಗೋಳ ನಿಲ್ದಾಣಗಳನ್ನು ಹಾದು ಹುಬ್ಬಳ್ಳಿಗೆ ಬರುತ್ತದೆ. ಅಲ್ಲಿಂದ ಗಂಗೂಬಾಯಿ ಹಾನಗಲ್ಲರ ಹುಬ್ಬಳ್ಳಿ, ಮಲ್ಲಿಕಾರ್ಜುನ ಮನ್ಸೂರರ ಧಾರವಾಡ, ಬೆಳಗಾವಿ, ಮುಂದೆ ಮಿರಜ. ಮಿರಜದಲ್ಲಿ ಅಬ್ದುಲ್ ಕರೀಂ ಖಾನರು ನೆಲೆಸಿದ್ದರು. ಅಲ್ಲಿನ ಮೀರಾಸಾಹೇಬ ದರ್ಗಾದ ಆವರಣದಲ್ಲಿಯೇ ಅವರ ಸಮಾಧಿ ಇದೆ. ತಂಬೂರಿ, ಸಿತಾರ್ ತಯಾರಿಸುವ ಕುಶಲಕರ್ಮಿಗಳ ಊರೂ ಅದೇ. 2024ರಲ್ಲಿ ಮಿರಜದ ಸಿತಾರ್ ಮತ್ತು ತಂಬೂರಿಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಮುಂದೆ ಸಾತಾರಾ ದಾಟಿದರೆ ಪುಣೆ. ಒಂದು ರೈಲು ಹಳಿಯ ಆಚೆ ಈಚೆ ಇಷ್ಟೊಂದು ಸಂಗೀತ ಬೆಳೆದದ್ದು ಆಕಸ್ಮಿಕವಲ್ಲ. ಗುರುಗಳು, ಶಿಷ್ಯರು, ನಾಟಕ ಕಂಪೆನಿಗಳು, ವಾದ್ಯಗಳು, ಎಲ್ಲವೂ ಈ ದಾರಿಯಲ್ಲಿಯೇ ಓಡಾಡುತ್ತಿದ್ದವು. ಎರಡು ಭಾಷೆಗಳ ನಾಡುಗಳು ಒಂದೇ ಸಂಗೀತವನ್ನು ತಮ್ಮದೆಂದುಕೊಂಡವು.

ಉತ್ಸವ ದಶಕಗಳ ಕಾಲ ನಗರದ ನಡುವಿನ ರಮಣಬಾಗ್ ಶಾಲೆಯ ಮೈದಾನದಲ್ಲಿ ನಡೆಯುತ್ತಿತ್ತು. ಈಗ ಮುಕುಂದನಗರದ ಮಹಾರಾಷ್ಟ್ರೀಯ ಮಂಡಳದ ಕ್ರೀಡಾಂಗಣದಲ್ಲಿ ನಡೆಯುತ್ತದೆ. ದೊಡ್ಡ ಚಪ್ಪರ, ಮುಂದುಗಡೆ ಸೋಫಾಗಳು, ಪಕ್ಕಕ್ಕೆ ಕುರ್ಚಿಗಳು, ಉಳಿದಂತೆ ನೆಲಕ್ಕೆ ಹಾಸಿದ ಜಮಖಾನೆ. ನೆಲದ ಮೇಲೆ ಕೂಡುವ ವ್ಯವಸ್ಥೆಗೆ ಅಲ್ಲಿಯವರು ‘ಭಾರತೀಯ ಬೈಠಕ್’ ಎನ್ನುತ್ತಾರೆ. ಟಿಕೇಟಿನ ದರವೂ ಅಲ್ಲಿಯೇ ಕಡಿಮೆ. ನಾವು ಕುಳಿತದ್ದೂ ಅಲ್ಲಿಯೇ. ಡಿಸೆಂಬರ್ ತಿಂಗಳ ಚಳಿಗೆ ಜನ ಶಾಲು, ಸ್ವೆಟರ್, ಕಿವಿ ಮುಚ್ಚುವ ಟೋಪಿ ಎಲ್ಲವನ್ನೂ ತಂದಿದ್ದರು. ಕೆಲವರು ಬೆನ್ನಿಗೆ ಒರಗಲು ದಿಂಬನ್ನೇ ತಂದಿದ್ದರು. ಕಾಲೇಜು ಹುಡುಗರ ಪಕ್ಕದಲ್ಲಿ ನಿವೃತ್ತರು, ಅವರ ಪಕ್ಕದಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿ, ಹೀಗೆ ಕಲೆತು ಕುಳಿತ ಸಭೆ ಅದು.

ಶನಿವಾರದ ಕಾರ್ಯಕ್ರಮ ಸಾಯಂಕಾಲ ನಾಲ್ಕಕ್ಕೆ ಆರಂಭವಾಯಿತು. ಮೊದಲ ಗಾಯಕರು ವೇದಿಕೆಗೆ ಬಂದು ಕುಳಿತ ಮೇಲೆ ತಂಬೂರಿ ಶ್ರುತಿ ಮಾಡತೊಡಗಿದರು. ಸಭೆಯಲ್ಲಿ ಇನ್ನೂ ಗುಸುಗುಸು ನಡೆದಿತ್ತು. ಮಿತ್ರರೇ, ನೀವು ಕಛೇರಿಗೆ ಹೋದಾಗ ಈ ನಿಮಿಷಗಳನ್ನು ಬಿಡಬೇಡಿ. ತಂಬೂರಿಗೆ ಸಾಮಾನ್ಯವಾಗಿ ನಾಲ್ಕು ತಂತಿ. ಮೊದಲನೆಯದು ಪಂಚಮಕ್ಕೆ, ಉಳಿದ ಮೂರು ಷಡ್ಜಕ್ಕೆ. ಆದರೆ ಪಂಚಮವೇ ಇಲ್ಲದ ರಾಗವನ್ನು ಹಾಡುವಾಗ ಮೊದಲ ತಂತಿಯನ್ನು ಬೇರೆ ಸ್ವರಕ್ಕೆ ಇಳಿಸಬೇಕು ಅಥವಾ ಏರಿಸಬೇಕು. ತಂತಿ ಕುದುರೆಯ ಮೇಲೆ ಹಾದುಹೋಗುವ ಕಡೆ ಒಂದು ಸಣ್ಣ ದಾರದ ಎಳೆಯನ್ನು ಇಟ್ಟಿರುತ್ತಾರೆ. ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರೆ, ಮಂಕಾಗಿದ್ದ ತಂತಿ ಜೇನುನೊಣದ ಹಾಗೆ ಗುಂಯ್‌ಗುಡತೊಡಗುತ್ತದೆ. ಹಾಡಿನ ಮನೆಗೆ ತಳಪಾಯ ಬೀಳುವುದು ಆಗಲೇ.

ಮೊದಲು ಕೇಳಿದ್ದು ಮುಲ್ತಾನಿ ರಾಗ. ಇದು ಇಳಿಹಗಲಿನ ರಾಗ. ಹಿಂದುಸ್ತಾನಿ ಪದ್ಧತಿಯಲ್ಲಿ ಹಗಲು ನಾಲ್ಕು ಜಾವ, ರಾತ್ರಿ ನಾಲ್ಕು ಜಾವ ಎಂದು ದಿನವನ್ನು ಎಂಟು ಭಾಗ ಮಾಡಿ, ಒಂದೊಂದು ಜಾವಕ್ಕೆ ಇಂತಿಂಥ ರಾಗಗಳು ಒಪ್ಪುತ್ತವೆ ಎಂದು ಗೊತ್ತುಮಾಡಿದ್ದಾರೆ. ಹೊತ್ತು ಹುಟ್ಟುವ, ಹೊತ್ತು ಮುಳುಗುವ ಸಂಧಿಕಾಲಕ್ಕೆ ಹಾಡುವ ರಾಗಗಳಿಗೆ ‘ಸಂಧಿಪ್ರಕಾಶ ರಾಗ’ ಎಂದೇ ಹೆಸರು. ಬೆಳಿಗ್ಗೆ ಭೈರವ, ಸಂಜೆ ಮಾರವಾ, ಪೂರಿಯಾ. ರಾತ್ರಿ ಮೊದಲ ಜಾವಕ್ಕೆ ಯಮನ್. ಮಧ್ಯರಾತ್ರಿಯ ಹೊತ್ತಿಗೆ ಮಾಲಕಂಸ, ದರಬಾರಿ ಕಾನಡಾ. ಈ ವಿಚಾರವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಂಡಿತ ವಿಷ್ಣು ನಾರಾಯಣ ಭಾತಖಂಡೆಯವರು ಕ್ರಮಬದ್ಧವಾಗಿ ಬರೆದಿಟ್ಟರು. ಇದು ಭೌತಶಾಸ್ತ್ರದ ನಿಯಮವಲ್ಲ. ನಮ್ಮ ಕರ್ನಾಟಕ ಸಂಗೀತದಲ್ಲಿ ಈ ಕಟ್ಟು ಇಷ್ಟು ಬಿಗಿಯಾಗಿಲ್ಲ. ಆದರೂ ತಲೆಮಾರುಗಳಿಂದ ಒಂದು ರಾಗವನ್ನು ಒಂದೇ ಹೊತ್ತಿನಲ್ಲಿ ಹಾಡಿ, ಕೇಳಿ, ಆ ಹೊತ್ತಿಗೂ ಆ ರಾಗಕ್ಕೂ ನಂಟು ಬೆಸೆದುಹೋಗಿದೆ.

ಎರಡನೆಯ ಗಾಯಕರು ಮಾರವಾ ಎತ್ತಿಕೊಂಡಾಗ ಸುಮಾರು ಆರು ಗಂಟೆ. ಡಿಸೆಂಬರ್‌ನಲ್ಲಿ ಪುಣೆಯಲ್ಲಿ ಸೂರ್ಯ ಮುಳುಗುವ ಹೊತ್ತೇ ಅದು. ಮಾರವಾ ರಾಗದಲ್ಲಿ ಪಂಚಮವಿಲ್ಲ. ಗಾಯಕರು ಷಡ್ಜದ ಸುತ್ತಮುತ್ತ ಸುಳಿಯುತ್ತಾರೆ, ಷಡ್ಜದ ಮೇಲೆ ಸುಲಭವಾಗಿ ಬಂದು ನಿಲ್ಲುವುದಿಲ್ಲ. ಮನೆ ಕಣ್ಣಿಗೆ ಕಾಣುತ್ತಿದೆ, ಬಾಗಿಲು ಸಿಗುತ್ತಿಲ್ಲ ಎಂಬಂತೆ ಒಂದು ಕಳವಳ. ಅವರು ವಿಲಂಬಿತ ಲಯದಲ್ಲಿ ಒಂದೊಂದೇ ಸ್ವರವನ್ನು ತೆರೆಯುತ್ತಿದ್ದರು. ಹತ್ತು ನಿಮಿಷವಾಯಿತು, ಹದಿನೈದಾಯಿತು. ನನ್ನ ಅಕ್ಕನ ಮಗಳು ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಕೇಳಿದಳು:

“ಮಾಮಾ, ಇವ್ರು ಇನ್ನೂ ಸುರು ಮಾಡಿಲ್ಲೇನು?”

“ಸುರು ಆಗಿ ಕಾಲು ತಾಸಾತು, ಮಗಾ.”

“ಹಾಂಗಾದ್ರ ಹಾಡು ಯಾಕ ಮುಂದ ಹೋಗವಲ್ದು?”

ಮಿತ್ರರೇ, ಈ ಪ್ರಶ್ನೆಯನ್ನು ನಾವು ನಗೆಯಾಡಿ ಬಿಟ್ಟುಬಿಡಬಾರದು. ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಸಿನಿಮಾ ಹಾಡು ನಾಲ್ಕೈದು ನಿಮಿಷದಲ್ಲಿ ಮುಗಿಯಬೇಕು. ಅಷ್ಟರಲ್ಲಿ ಪಲ್ಲವಿ, ಎರಡು ಚರಣ, ನಡುನಡುವೆ ವಾದ್ಯವೃಂದ ಎಲ್ಲ ಬರಬೇಕು. ಈಗಂತೂ ಕೈಯಲ್ಲಿರುವ ಫೋನಿನಲ್ಲಿ ಅರ್ಧ ನಿಮಿಷದ ತುಣುಕುಗಳು ಒಂದರ ಹಿಂದೆ ಒಂದು ಬರುತ್ತವೆ. ಮುಂದೆ ಹೋಗುವುದೇ ಹಾಡು ಎಂದು ಕಿವಿ ರೂಢಿಮಾಡಿಕೊಂಡಿದೆ. ಖಯಾಲ್ ಗಾಯನದ ರೀತಿ ಬೇರೆ. ಅಲ್ಲಿ ಹಾಡು ಮುಂದೆ ಹೋಗುವುದಕ್ಕಿಂತ ಹೆಚ್ಚಾಗಿ ಒಳಗೆ ಹೋಗುತ್ತದೆ. ಬಾವಿ ತೋಡುವವನನ್ನು ನೋಡಿ, ಇವನು ಯಾಕೆ ಒಂದೇ ಕಡೆ ನಿಂತಿದ್ದಾನೆ ಎಂದು ನಾವು ಕೇಳುವುದಿಲ್ಲವಲ್ಲ!

ಅವಳಿಗೆ ನಾನು ಸಿದ್ಧಾಂತವನ್ನೇನೂ ಹೇಳಲಿಲ್ಲ. ಒಂದು ಕೆಲಸ ಕೊಟ್ಟೆ. ತಬಲಾದ ಕಡೆ ಕಿವಿಗೊಡು, ಬೆರಳಿನ ಮೇಲೆ ಎಣಿಸು ಎಂದೆ. ಅದು ಏಕತಾಲ, ಹನ್ನೆರಡು ಮಾತ್ರೆ. ವಿಲಂಬಿತದಲ್ಲಿ ಒಂದು ಆವರ್ತ ಮುಗಿಯಲು ಅರ್ಧ ನಿಮಿಷಕ್ಕೂ ಮಿಗಿಲು ಹಿಡಿಯುತ್ತದೆ. ಗಾಯಕರು ಎಲ್ಲೆಲ್ಲೋ ಅಲೆದು, ಆವರ್ತದ ಕೊನೆಗೆ ಬಂದಿಶಿನ ಮೊದಲ ಮಾತನ್ನು ಹಿಡಿದು, ಮೊದಲನೆಯ ಮಾತ್ರೆಗೆ ಸರಿಯಾಗಿ ಬಂದು ಇಳಿಯುತ್ತಾರೆ. ಆ ಮೊದಲ ಮಾತ್ರೆಗೆ ‘ಸಮ್’ ಎಂದು ಹೆಸರು. ಅವಳು ಎಣಿಸಿದಳು, ತಪ್ಪಿತು; ಮತ್ತೆ ಎಣಿಸಿದಳು. ಆರನೆಯದೋ ಏಳನೆಯದೋ ಆವರ್ತದಲ್ಲಿ, ಗಾಯಕರು ಸಮ್ಮಿಗೆ ಬರುವ ಮುನ್ನವೇ ಅವಳ ಕೈ ಮೇಲೆದ್ದಿತ್ತು. “ಬಂತು, ಮಾಮಾ!” ಎಂದಳು. ಅದೇ ಕ್ಷಣದಲ್ಲಿ ಸುತ್ತ ಕುಳಿತ ನೂರಾರು ತಲೆಗಳೂ ಒಟ್ಟಿಗೆ ತೂಗಿದವು. ಯಾರು ಹೇಳಿಕೊಟ್ಟರು ಇವರಿಗೆಲ್ಲ? ಯಾರೂ ಇಲ್ಲ. ಪಕ್ಕದವರ ತಲೆ ತೂಗಿದ್ದನ್ನು ನೋಡಿ ಇವರು ಕಲಿತರು, ಇವರನ್ನು ನೋಡಿ ಮತ್ತೊಬ್ಬರು. ಮನೆಯಲ್ಲಿ ಒಬ್ಬರೇ ಕುಳಿತು ಧ್ವನಿಮುದ್ರಿಕೆ ಕೇಳಿದರೆ ರಾಗ ಸಿಗುತ್ತದೆ, ತಾಳ ಸಿಗುತ್ತದೆ. ಈ ಪಾಠ ಸಿಗುವುದಿಲ್ಲ. ಉತ್ಸವದ ನಿಜವಾದ ಉಪಯೋಗ ಇದು ಎಂದು ನನಗೆ ಆಗ ಅನ್ನಿಸಿತು.

ಆ ಸಂಜೆ ಒಂದು ಕಥಕ್ ನೃತ್ಯವೂ ಇತ್ತು. ನೃತ್ಯದಲ್ಲಿ ಸಮ್ಮನ್ನು ಕಣ್ಣಿನಿಂದಲೇ ಕಾಣಬಹುದು. ಹದಿನಾರು ಮಾತ್ರೆಯ ತೀನತಾಲದಲ್ಲಿ ನರ್ತಕಿ ಚಕ್ರ ಸುತ್ತುತ್ತ ಸುತ್ತುತ್ತ, ತಬಲಾದ ‘ಧಾ’ ಬಿದ್ದ ಕ್ಷಣಕ್ಕೆ ಬೊಂಬೆಯಂತೆ ನಿಲ್ಲುತ್ತಾಳೆ. ಕಾಲಿನ ಗೆಜ್ಜೆಯೂ ಅಲ್ಲಿಗೆ ನಿಲ್ಲುತ್ತದೆ. ತಾಳ ಗೊತ್ತಿಲ್ಲ ಎನ್ನುವ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟೇ: ಮೊದಲು ಕಥಕ್ ನೋಡಿ, ಆಮೇಲೆ ಖಯಾಲ್ ಕೇಳಿ. ಒಂದು ಕಲೆ ಇನ್ನೊಂದಕ್ಕೆ ದಾರಿ ತೋರಿಸುತ್ತದೆ. ಸಂಗೀತ ಮತ್ತು ನೃತ್ಯವನ್ನು ಒಂದೇ ವೇದಿಕೆಯ ಮೇಲೆ ಇಡುವುದರ ಅರ್ಥವೂ ಇದೇ.

ನಮ್ಮ ಪಕ್ಕದಲ್ಲಿ ಒಬ್ಬ ವೃದ್ಧೆ ಕುಳಿತಿದ್ದರು. ನಡುವೆ ವಿರಾಮ ಬಂದಾಗ ಡಬ್ಬಿ ತೆರೆದು ನಮಗೂ ಚಿವಡಾ ಕೊಟ್ಟರು. ಮದುವೆಯಾಗಿ ಪುಣೆಗೆ ಬಂದಂದಿನಿಂದ ಪ್ರತಿ ವರ್ಷವೂ ಬರುತ್ತಿದ್ದಾರಂತೆ. ಹಿಂದೆ ಉತ್ಸವ ಮೂರು ರಾತ್ರಿ ನಡೆಯುತ್ತಿತ್ತು, ಸಂಜೆ ಕುಳಿತರೆ ಬೆಳಗಾಗುವವರೆಗೂ ಹಾಡು ಎಂದು ಅವರು ಮರಾಠಿಯಲ್ಲಿ ಹೇಳಿದರು. ಕೊನೆಯ ಬೆಳಗಿನ ಜಾವ ಭೀಮಸೇನರು ಹಾಡುತ್ತಿದ್ದರು. ಮನೆಗೆ ಹೋಗುವಾಗ ಹಾಲಿನವರು ಎದುರಾಗುತ್ತಿದ್ದರು, ಕೈಯಲ್ಲಿ ಹಾಲು ಹಿಡಿದುಕೊಂಡೇ ಮನೆ ಸೇರಿ ಚಹಾ ಮಾಡುತ್ತಿದ್ದೆವು ಎಂದು ನೆನೆಸಿಕೊಂಡರು.

ಈಗ ಹಾಗಿಲ್ಲ. ಶಬ್ದಮಾಲಿನ್ಯ ನಿಯಂತ್ರಣಕ್ಕಾಗಿ 2000ದಲ್ಲಿ ಕೇಂದ್ರ ಸರಕಾರ ಮಾಡಿದ ನಿಯಮಗಳ ಪ್ರಕಾರ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವರ್ಷದಲ್ಲಿ ಕೆಲವೇ ದಿನ, ಹಬ್ಬ ಮತ್ತು ಸಾಂಸ್ಕೃತಿಕ ಸಂದರ್ಭಗಳಲ್ಲಿ, ಮಧ್ಯರಾತ್ರಿಯವರೆಗೆ ಅನುಮತಿ ಕೊಡುವ ಅಧಿಕಾರ ರಾಜ್ಯ ಸರಕಾರಗಳಿಗಿದೆ. ಹಾಗಾಗಿ ಉತ್ಸವವನ್ನು ಐದು ದಿನಗಳಿಗೆ ಹರಡಿ, ಸಾಮಾನ್ಯವಾಗಿ ರಾತ್ರಿ ಹತ್ತಕ್ಕೆ ಮುಗಿಸುತ್ತಾರೆ; ಶನಿವಾರ ಮಾತ್ರ ಹನ್ನೆರಡರವರೆಗೆ ನಡೆಸುತ್ತಾರೆ. ಈ ನಿಯಮ ತಪ್ಪು ಎಂದು ನಾನು ಹೇಳಲಾರೆ. ಆಸ್ಪತ್ರೆಯಲ್ಲಿ ಮಲಗಿದ ರೋಗಿಗೆ ನಿದ್ರೆ ಬೇಕು, ಬೆಳಗಾದರೆ ಪರೀಕ್ಷೆ ಬರೆಯುವ ನಿಮಗೂ ನಿದ್ರೆ ಬೇಕು. ಒಬ್ಬರ ಸಂಗೀತ ಇನ್ನೊಬ್ಬರಿಗೆ ಸದ್ದಾಗಬಾರದು. ಆದರೆ ನಾವು ಕಳೆದುಕೊಂಡದ್ದು ಏನೆಂಬುದೂ ನಮಗೆ ಗೊತ್ತಿರಬೇಕು. ನಸುಕಿನ ಲಲತ್, ಬೆಳಗಿನ ಭೈರವ, ತೋಡಿ ಇವು ಸಂಜೆ ಮತ್ತು ರಾತ್ರಿಯ ಇಂಥ ಬಯಲು ಸಭೆಗಳಿಂದ ದೂರ ಸರಿದಿವೆ. ಕಾರ್ಯಕ್ರಮದ ಹೊತ್ತಿಗೆ ಸಲ್ಲುವ ರಾಗಗಳೇ ಮತ್ತೆ ಮತ್ತೆ ಕೇಳಬರುತ್ತವೆ. ಒಬ್ಬೊಬ್ಬ ಕಲಾವಿದರಿಗೆ ಸಿಗುವ ಕಾಲವೂ ಹೆಚ್ಚಾಗಿ ಒಂದು ಗಂಟೆಯ ಆಸುಪಾಸು. ಕೇಳಿಸಿಕೊಳ್ಳದ ರಾಗವನ್ನು ಶಿಷ್ಯರು ಎಷ್ಟು ದಿನ ಅಭ್ಯಾಸ ಮಾಡಿಯಾರು? ಕಾನೂನು ನಾಲ್ಕು ಗೋಡೆಗಳ ಒಳಗಿನ ಸಭಾಂಗಣಗಳಿಗೆ ಅವಕಾಶ ಬಿಟ್ಟಿದೆ. ಆ ಅವಕಾಶವನ್ನು ಬಳಸಿಕೊಳ್ಳಬೇಕಾದವರು ನಾವು.

ಅಂದು ರಾತ್ರಿ ಹನ್ನೊಂದರ ಮೇಲೆ ಮಾಲಕಂಸ ಕೇಳಿದೆವು. ರಿಷಭ, ಪಂಚಮ ಎರಡೂ ಇಲ್ಲದ ಐದೇ ಸ್ವರಗಳ ರಾಗ. ಚಳಿ ಏರಿತ್ತು. ಗುಸುಗುಸು ಪೂರ್ತಿ ನಿಂತಿತ್ತು. ತಂಬೂರಿಯ ಮಧ್ಯಮ ಚಪ್ಪರದ ತುಂಬ ತುಂಬಿಕೊಂಡಿತ್ತು. ನಾಲ್ಕು ಗಂಟೆಗೆ ಅಲ್ಲಿಗೆ ಬಂದವರ ಕಿವಿಗೂ ಹನ್ನೊಂದು ಗಂಟೆಯ ಹೊತ್ತಿನ ಕಿವಿಗೂ ಬಹಳ ವ್ಯತ್ಯಾಸವಿತ್ತು. ಏಳು ಗಂಟೆ ಕುಳಿತದ್ದರಿಂದಲೇ ಆ ಕಿವಿ ಬಂದಿತ್ತು.

ಭಾನುವಾರ ನಡುಹಗಲಿಗೇ ಕಾರ್ಯಕ್ರಮ ಆರಂಭ. ಹನ್ನೆರಡರ ಬಿಸಿಲಿಗೆ ಶುದ್ಧ ಸಾರಂಗ, ಹೊತ್ತು ಇಳಿದಂತೆ ಭೀಮಪಲಾಸಿ. ನಡುವೆ ಎದ್ದು ಆವರಣವನ್ನು ಸುತ್ತಿ ಬಂದೆವು. ಒಂದು ಕಡೆ ಕಲಾವಿದರ ಛಾಯಾಚಿತ್ರಗಳ ಪ್ರದರ್ಶನ. ಕಪ್ಪು ಬಿಳುಪು ಚಿತ್ರಗಳಲ್ಲಿ ಕಣ್ಣು ಮುಚ್ಚಿ ಕೈ ಚಾಚಿದ ಭೀಮಸೇನರು. ಕಿವಿಯ ಮೇಲೆ ಕೈಯಿಟ್ಟು ಹಾಡುವ ಗಂಗೂಬಾಯಿಯವರು. ಇನ್ನೊಂದು ಕಡೆ ಪುಸ್ತಕದ ಮಳಿಗೆಗಳು, ಧ್ವನಿಮುದ್ರಿಕೆಯ ಮಳಿಗೆಗಳು. ತಿಂಡಿಯ ಸಾಲಿನಲ್ಲಿ ನಿಂತವರು ಕೂಡ ಹಿಂದಿನ ಗಾಯನದ ಬಗ್ಗೆಯೇ ವಾದ ಮಾಡುತ್ತಿದ್ದರು. ನಿಷಾದ ಸ್ವಲ್ಪ ಹೆಚ್ಚಾಯಿತು ಎಂದು ಒಬ್ಬರು, ಇಲ್ಲ, ಅದೇ ಅದರ ಸೊಗಸು ಎಂದು ಇನ್ನೊಬ್ಬರು. ನಮ್ಮಲ್ಲಿ ಕ್ರಿಕೆಟ್ ಪಂದ್ಯದ ಮರುದಿನ ನಡೆಯುವ ಮಾತಿನ ಹಾಗೆ! ಸಂಗೀತ ವಿದ್ವಾಂಸರ ಸೊತ್ತಾಗಿ ಉಳಿಯದೆ, ಬ್ಯಾಂಕಿನಲ್ಲಿ ಕೆಲಸ ಮಾಡುವವರ, ಅಂಗಡಿ ನಡೆಸುವವರ ಸೊತ್ತೂ ಆಗುವುದು ಹೀಗೆ.

ರಾತ್ರಿ ಉತ್ಸವದ ಕೊನೆಗೆ ಒಂದು ಪದ್ಧತಿ ಇದೆ. ಕೊನೆಯ ಕಲಾವಿದರ ಹಾಡು ಮುಗಿದ ಮೇಲೆ ಸವಾಯಿ ಗಂಧರ್ವರ ಭೈರವಿ ರಾಗದ ಹಳೆಯ ಧ್ವನಿಮುದ್ರಿಕೆಯನ್ನು ಹಾಕುತ್ತಾರೆ. ಭೈರವಿ ಮೂಲತಃ ಬೆಳಗಿನ ರಾಗ. ಆದರೆ ಕಛೇರಿಯನ್ನು ಭೈರವಿಯಿಂದ ಮುಗಿಸುವುದು ಸಂಪ್ರದಾಯವಾದ್ದರಿಂದ ಯಾವ ಹೊತ್ತಿಗೂ ಅದು ಸಲ್ಲುತ್ತದೆ. ವೇದಿಕೆಯ ಮೇಲೆ ಹಾಡುವವರು ಯಾರೂ ಇಲ್ಲ. ಗ್ರಾಮಫೋನ್ ಕಾಲದ ಕರಕರ ಸದ್ದಿನ ನಡುವೆ, 1952ರಲ್ಲಿ ತೀರಿಹೋದ ಕುಂದಗೋಳದ ಗಾಯಕರ ಕಂಠ. ಸಾವಿರಾರು ಜನ ಅಲುಗಾಡದೆ ಕೇಳುತ್ತಾರೆ. ಅಷ್ಟು ದೊಡ್ಡ ಮೈಕು, ಅಷ್ಟು ದೊಡ್ಡ ಪರದೆ, ಹೆಸರಾಂತ ಕಲಾವಿದರು ಎಲ್ಲ ಮುಗಿದ ಮೇಲೆ, ಕಡೆಯ ಮಾತು ಗುರುವಿನದು. ನನ್ನ ಅಕ್ಕನ ಮಗಳು ಆ ಮೂರು ನಿಮಿಷ ಏನೂ ಕೇಳಲಿಲ್ಲ. ಆಮೇಲೆ, “ಇವ್ರು ನಮ್ಮ ಕುಂದಗೋಳದವರು, ಹೌದಲ್ಲ ಮಾಮಾ?” ಎಂದಳು. ಅವಳು ದಿನವೂ ಓಡಾಡುವ ಊರುಗಳ ಹತ್ತಿರದಲ್ಲಿಯೇ ಇದ್ದ ಸಂಪತ್ತು ಅದು.

ಮಿತ್ರರೇ, ಪುಣೆಗೇ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಕುಂದಗೋಳದ ನಾಡಗೀರ ವಾಡೆಯಲ್ಲಿ ಸವಾಯಿ ಗಂಧರ್ವರ ಸ್ಮರಣೆಗಾಗಿ ಅಹೋರಾತ್ರಿ ಸಂಗೀತ ನಡೆಸುವ ಪರಂಪರೆ ಇದೆ. ಬೆಂಗಳೂರಿನಲ್ಲಿ 1939ರಲ್ಲಿ ಆರಂಭವಾದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಇದೆ. ದೆಹಲಿಯ ಐ.ಐ.ಟಿ.ಯ ಪ್ರಾಧ್ಯಾಪಕ ಕಿರಣ್ ಸೇಠ್ ಅವರು 1977ರಲ್ಲಿ ಆರಂಭಿಸಿದ ‘ಸ್ಪಿಕ್ ಮೆಕೆ’ ಎಂಬ ಚಳವಳಿ ವಿದ್ಯಾರ್ಥಿಗಳಿಗಾಗಿಯೇ ಇರುವಂಥದ್ದು; ಶಾಲೆ, ಕಾಲೇಜುಗಳ ಅಂಗಳಕ್ಕೇ ಕಲಾವಿದರನ್ನು ಕರೆತರುತ್ತದೆ, ರಾತ್ರಿಯಿಡೀ ನಡೆಯುವ ಕಛೇರಿಗಳನ್ನೂ ಏರ್ಪಡಿಸುತ್ತದೆ. ನಿಮ್ಮ ಕಾಲೇಜಿಗೆ ಅದು ಬಂದಿಲ್ಲವಾದರೆ ನಿಮ್ಮ ಪ್ರಾಂಶುಪಾಲರನ್ನು ಕೇಳಿ ನೋಡಿ. ನಿಮ್ಮ ಊರಿನಲ್ಲಿ ಯಕ್ಷಗಾನದ ಮೇಳ ಬಂದರೆ ಅದೂ ಇಂಥದೇ ಶಾಲೆ.

ಹೋಗುವಾಗ ನಾಲ್ಕು ಮಾತುಗಳನ್ನು ನೆನಪಿನಲ್ಲಿಡಿ. ಮೊದಲನೆಯದು, ಪೂರ್ತಿ ಒಬ್ಬ ಕಲಾವಿದರನ್ನಾದರೂ ಆರಂಭದಿಂದ ಕೊನೆಯವರೆಗೆ ಕೇಳಿ. ಹತ್ತು ಜನರನ್ನು ಐದೈದು ನಿಮಿಷ ಕೇಳುವುದಕ್ಕಿಂತ ಅದು ಲೇಸು. ಎರಡನೆಯದು, ಫೋನನ್ನು ಚೀಲದಲ್ಲಿಡಿ. ಚಿತ್ರ ತೆಗೆಯುವ ಕೈಗೆ ತಾಳ ಎಣಿಸಲು ಬಿಡುವಿರುವುದಿಲ್ಲ. ಮೂರನೆಯದು, ಒಂದು ಚಿಕ್ಕ ಪುಸ್ತಕದಲ್ಲಿ ರಾಗದ ಹೆಸರು, ಕೇಳಿದ ಹೊತ್ತು, ಮನಸ್ಸಿನಲ್ಲಿ ಉಳಿದ ಒಂದು ಸಂಗತಿ ಇಷ್ಟನ್ನು ಬರೆದಿಡಿ. ರಾಗ ಯಾವುದೆಂದು ತಿಳಿಯದಿದ್ದರೆ ಪಕ್ಕದವರನ್ನು ಕೇಳಿ. ಸಂಗೀತ ಸಭೆಯಲ್ಲಿ ಈ ಪ್ರಶ್ನೆಗೆ ಬೇಸರಪಟ್ಟವರನ್ನು ನಾನು ಕಂಡಿಲ್ಲ. ನಾಲ್ಕನೆಯದು, ಬೇಸರ ಬಂದರೆ ಹೆದರಬೇಡಿ. ಮೊದಲ ಅರ್ಧಗಂಟೆ ಬೇಸರ ಬರುವುದು ಸಹಜ. ಗಣಿತದ ಲೆಕ್ಕ ಮೊದಲ ಸಲಕ್ಕೇ ಬಿಡಿಸಲು ಬಂದೀತೆ? ಕಿವಿಗೂ ಅಷ್ಟು ಸಮಯ ಕೊಡಬೇಕು.

ಇದರಿಂದ ಪರೀಕ್ಷೆಯಲ್ಲಿ ಒಂದು ಅಂಕವೂ ಹೆಚ್ಚಾಗುವುದಿಲ್ಲ, ನಿಜ. ಆದರೆ ಒಂದು ವಿಷಯದ ಮುಂದೆ ಮೂರು ಗಂಟೆ ಸಮಾಧಾನದಿಂದ ಕುಳಿತುಕೊಳ್ಳುವ ಶಕ್ತಿ, ಇನ್ನೊಬ್ಬರ ಮಾತನ್ನು ಅದು ಮುಗಿಯುವವರೆಗೆ ಕೇಳುವ ಶಕ್ತಿ ನಿಮಗೆ ಯಾವ ವೃತ್ತಿಯಲ್ಲಿಯೂ ಬೇಕಾಗುತ್ತದೆ. ವೈದ್ಯರಾಗುವವರಿಗೆ ಬೇಕು, ನ್ಯಾಯಾಧೀಶರಾಗುವವರಿಗೆ ಬೇಕು, ಮೇಷ್ಟರಾಗುವವರಿಗಂತೂ ಬೇಕೇ ಬೇಕು. ಇನ್ನು ಸಂಗೀತದ ಮಾತು. ಹಾಡುವವರು ಹುಟ್ಟುತ್ತಲೇ ಇರುತ್ತಾರೆ. ಸಾಧನೆ ಮಾಡುವ ಯುವಕ ಯುವತಿಯರು ಇಂದಿಗೂ ಇದ್ದಾರೆ. ಆದರೆ ವಿಲಂಬಿತವನ್ನು ಕೇಳಲು ಕೂಡುವವರು ಇಲ್ಲದಿದ್ದರೆ ಅವರು ವಿಲಂಬಿತವನ್ನು ಎಲ್ಲಿ ಹಾಡಬೇಕು? ಕುಂದಗೋಳದಲ್ಲಿ ಒಬ್ಬ ಗುರು ಕಲಿಸಿದ್ದು, ಒಬ್ಬ ಶಿಷ್ಯ ಪುಣೆಯಲ್ಲಿ ಕಾಪಾಡಿದ್ದು, ಕೇಳುವವರು ಇದ್ದುದರಿಂದ ಇಲ್ಲಿಯತನಕ ಬಂದಿದೆ. ಮುಂದಿನ ಸಾಲಿನಲ್ಲಿ ಕುಳಿತು ಕೇಳಬೇಕಾದವರು ನೀವು.

ಈ ವರ್ಷ ನಿಮ್ಮ ಒಂದು ಶನಿವಾರ, ಒಂದು ಭಾನುವಾರವನ್ನು ಅದಕ್ಕಾಗಿ ತೆಗೆದಿಡಿ.